ನಿದ್ದೆಯಿಂದ ಲೆಕ್ಕ ಶುರುವಾಗಲಿ: ಊಟ, ವ್ಯಾಯಾಮ, ವಿಶ್ರಾಂತಿಗಳನ್ನು ಒಂದು ದಿನದೊಳಗೆ ಹೊಂದಿಸುವ ಬಗೆ

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ನಿತ್ಯ ಕೆಲಸಕ್ಕೆ ಹೋಗಿಬರುವವರು ಆರೋಗ್ಯ ಸುಧಾರಿಸಿಕೊಳ್ಳಬೇಕೆಂದು ಹೊರಟಾಗ ಮಾಡುವ ಮೊದಲ ಕೆಲಸವೆಂದರೆ, ಬೆಳಗಿನ ನಡಿಗೆಗಾಗಿ ಒಂದು ಗಂಟೆ ಬೇಗ ಏಳುವುದು. ನಾನೂ ಅದನ್ನೇ ಮಾಡಿದ್ದೆ. ಐದಕ್ಕೆ ಏಳುತ್ತಿದ್ದವನು ನಾಲ್ಕಕ್ಕೆ ಎದ್ದು ನಡೆಯತೊಡಗಿದೆ. ಆದರೆ ರಾತ್ರಿ ಮಲಗುವ ಹೊತ್ತು ಮಾತ್ರ ಹನ್ನೊಂದರಿಂದ ಹಿಂದೆ ಸರಿಯಲಿಲ್ಲ. ಮೂರನೆಯ ವಾರಕ್ಕೆ ಬಸ್ಸಿನಲ್ಲಿ ನಿಂತಲ್ಲಿಯೇ ತೂಕಡಿಕೆ, ಸಂಜೆ ನಿಲ್ದಾಣದಲ್ಲಿ ಬೋಂಡಾದ ಬಾಣಲೆ ಕಂಡರೆ ತಡೆಯಲಾಗದ ಹಸಿವು, ಕೊನೆಗೆ ನಡಿಗೆಗೂ ರಜೆ. ನಿದ್ದೆ ಕಡಿಮೆಯಾದಾಗ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ಹೊಟ್ಟೆ ತುಂಬಿತೆಂದು ತಿಳಿಸುವ ಲೆಪ್ಟಿನ್ ಇಳಿಯುತ್ತದೆ ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಆದ್ದರಿಂದ ಈ ಮೂರನ್ನೂ ಹೊಂದಿಸಲು ಹೊರಡುವವರು ನಿದ್ದೆಯನ್ನು ಮೊದಲು ಗೊತ್ತುಮಾಡಿಕೊಂಡು, ಉಳಿದ ಹೊತ್ತಿನಲ್ಲಿ ಊಟವನ್ನೂ ವ್ಯಾಯಾಮವನ್ನೂ ಕೂರಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಹಾಳೆಯ ಮೇಲೆ ನೀವು ಬೆಳಿಗ್ಗೆ ಏಳಲೇಬೇಕಾದ ಹೊತ್ತನ್ನು ಬರೆಯಿರಿ. ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಹಾಸಿಗೆಯಲ್ಲಿ ಹೊರಳಾಡುವ ಹೊತ್ತನ್ನೂ ಸೇರಿಸಿ ಏಳೂವರೆ ಗಂಟೆ ಹಿಂದಕ್ಕೆ ಎಣಿಸಿರಿ. ಐದಕ್ಕೆ ಏಳುವವರಿಗೆ ಇದು ರಾತ್ರಿ ಒಂಬತ್ತೂವರೆಯಾಗುತ್ತದೆ. ಎಂಟಕ್ಕೆ ಮನೆ ಸೇರುವವರಿಗೆ ಇದು ಅಸಾಧ್ಯವೆನಿಸುವುದು ಸಹಜ. ಆಗ ವಾರಕ್ಕೆ 15 ನಿಮಿಷದಂತೆ ಮಲಗುವ ಹೊತ್ತನ್ನು ಹಿಂದಕ್ಕೆ ಸರಿಸುತ್ತಾ ಬನ್ನಿ. ಭಾನುವಾರವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಏಳಬೇಕು, ಏಕೆಂದರೆ ರಜೆಯ ದಿನ ಒಂಬತ್ತರವರೆಗೆ ಮಲಗಿದರೆ ಆ ರಾತ್ರಿ ನಿದ್ದೆ ಬಾರದೆ ಸೋಮವಾರದ ಬಸ್ಸು ಭಾರವಾಗುತ್ತದೆ. ದೇಹ ಸೇರಿದ ಕೆಫೀನಿನಲ್ಲಿ ಅರ್ಧದಷ್ಟು ಕರಗಲು ಸರಿಸುಮಾರು ಐದು ಗಂಟೆ ಹಿಡಿಯುವುದರಿಂದ ಮಧ್ಯಾಹ್ನ ಮೂರರ ನಂತರ ಕಾಫಿ ಬೇಡ. ಬೆಳಗಿನ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ತೊಂದರೆಯಿಲ್ಲ. ಸಂಜೆಯ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಗೊರಕೆ ಹೊಡೆದರೆ ಮಾತ್ರ ರಾತ್ರಿಯ ನಿದ್ದೆ ದೂರ ಸರಿಯುತ್ತದೆ. ಮೊಬೈಲು ನೋಡುತ್ತಾ ಕಳೆದ ಒಂದೂವರೆ ಗಂಟೆಯನ್ನು ವಿಶ್ರಾಂತಿಯ ಲೆಕ್ಕಕ್ಕೆ ಸೇರಿಸಿಕೊಳ್ಳುವವರೂ ಇದ್ದಾರೆ. ಕಣ್ಣಿಗೂ ಮನಸ್ಸಿಗೂ ಅದು ಕೆಲಸವೇ.

ಮಲಗುವ ಹೊತ್ತು ಗೊತ್ತಾದರೆ ಊಟದ ಹೊತ್ತು ತಾನಾಗಿ ಗೊತ್ತಾಗುತ್ತದೆ. ರಾತ್ರಿಯೂಟಕ್ಕೂ ನಿದ್ದೆಗೂ ನಡುವೆ ಎರಡು ಗಂಟೆಯಾದರೂ ಇರಬೇಕು. ಮನೆ ಸೇರುವುದೇ ತಡವಾಗುವವರು ಸಂಜೆ ಐದೂವರೆಯ ಸುಮಾರಿಗೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ಅಥವಾ ಹುರಿಗಡಲೆ, ಜೊತೆಗೊಂದು ಸೀಬೆಹಣ್ಣು ತಿಂದಿದ್ದರೆ, ರಾತ್ರಿ ಸಣ್ಣ ಊಟದಲ್ಲಿ ಮುಗಿಸಬಹುದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಊಟದ ಹೊತ್ತನ್ನೂ ಪ್ರಮಾಣವನ್ನೂ ವೈದ್ಯರನ್ನು ಕೇಳದೆ ಬದಲಿಸಬಾರದು. ಸಕ್ಕರೆಯ ಮಟ್ಟ ದಿಢೀರನೆ ಕುಸಿಯುವ ಅಪಾಯವಿದೆ.

ಇನ್ನು ಏನನ್ನು ತಿನ್ನಬೇಕೆಂಬ ಪ್ರಶ್ನೆ. ನಮ್ಮ ಸೀಮೆಯಲ್ಲಿ ಇದಕ್ಕೆ ಹೊಸ ಅಡುಗೆ ಕಲಿಯಬೇಕಾಗಿಲ್ಲ, ಹಳೆಯ ತಟ್ಟೆಯ ಪ್ರಮಾಣವನ್ನು ತಿದ್ದಿದರೆ ಸಾಕು. ‘ಹಿಟ್ಟಂ ತಿಂದವ ಬೆಟ್ಟಂ ಕಿತ್ತಿಟ್ಟಂ’ ಎಂಬ ಮಾತನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಆ ಹಿಟ್ಟು ತಿಂದವನು ದಿನವಿಡೀ ನೇಗಿಲ ಹಿಂದೆ ನಡೆಯುತ್ತಿದ್ದ; ಕುರ್ಚಿಯ ಮೇಲೆ ಎಂಟು ಗಂಟೆ ಕೂರುವ ನಾವು ಅದೇ ಗಾತ್ರದ ಎರಡು ಮುದ್ದೆ ಉಂಡರೆ ಬೆಟ್ಟ ಹೊಟ್ಟೆಯಲ್ಲೇ ಬೆಳೆಯುತ್ತದೆ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕಿಲೋ ಕ್ಯಾಲೊರಿ ಇದೆ, ಅದು ಅಕ್ಕಿಗಿಂತ ಬಹಳ ಕಡಿಮೆಯೇನಲ್ಲ. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ ಮತ್ತು 100 ಗ್ರಾಂಗೆ 340 ಮಿಲಿಗ್ರಾಂಗೂ ಮೀರಿದ ಸುಣ್ಣದಂಶದಲ್ಲಿ. ಪ್ರೋಟೀನು ಸುಮಾರು 7 ಗ್ರಾಂ ಮಾತ್ರವಾದ್ದರಿಂದ ಅದನ್ನು ಸಾರಿನಿಂದ ತುಂಬಿಕೊಳ್ಳಬೇಕು. ಆದ್ದರಿಂದ ಕುಳಿತು ಕೆಲಸ ಮಾಡುವವರಿಗೆ ಒಂದು ಸಣ್ಣ ಮುದ್ದೆ, ಅದರ ಜೊತೆಗೆ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳದೆ ಕಾಳೂ ಸೊಪ್ಪೂ ಗಟ್ಟಿಯಾಗಿ ಬಡಿಸಿಕೊಂಡ ಹುರುಳಿಕಾಳಿನ ಸಾರು, ಮಸ್ಸೊಪ್ಪು ಅಥವಾ ಬಸ್ಸಾರು ಮತ್ತು ಅದರ ಪಲ್ಯ ಸಾಕು. ಅವರೆಕಾಯಿಯ ಕಾಲದಲ್ಲಿ ಹಿತಕಿದ ಬೇಳೆಯ ಸಾರಿದ್ದರೆ ಬೇರೆ ಮಾತೇ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಲಹೆಯಂತೆ ದಿನಕ್ಕೆ 400 ಗ್ರಾಂ ತರಕಾರಿ ಮತ್ತು ಸೊಪ್ಪು, 100 ಗ್ರಾಂ ಹಣ್ಣು ಬೇಕು. ಬೆರಕೆ ಸೊಪ್ಪಿನ ಒಂದು ಕಟ್ಟನ್ನು ತೂಗಿ ನೋಡಿದರೆ ನಾವು ಎಷ್ಟು ಹಿಂದಿದ್ದೇವೆಂದು ತಿಳಿಯುತ್ತದೆ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣದಂಶ ಚೆನ್ನಾಗಿ ಮೈಗೆ ಹತ್ತುತ್ತದೆ, ಊಟದ ಬೆನ್ನಿಗೇ ಟೀ ಕುಡಿದರೆ ಕಡಿಮೆಯಾಗುತ್ತದೆ. ಉಪ್ಪು ಎಲ್ಲ ಸೇರಿ ದಿನಕ್ಕೆ 5 ಗ್ರಾಂ ಒಳಗಿರಲಿ. ಉಪ್ಪಿನಕಾಯಿ, ಹಪ್ಪಳ, ಉಪ್ಸಾರಿನ ಖಾರ ಇವೆಲ್ಲವೂ ಆ ಲೆಕ್ಕದಲ್ಲಿಯೇ ಬರುತ್ತವೆ.

ನೀರಿನ ಬಗ್ಗೆ ನಮ್ಮ ಜಿಲ್ಲೆಯವರು ಒಂದು ಮಾತನ್ನು ಬೇರೆಯಾಗಿಯೇ ನೆನಪಿಡಬೇಕು. ಇಲ್ಲಿನ ಅನೇಕ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು, ಬೇರೆ ನೀರೇ ಇಲ್ಲದಾಗಲೂ 1.5 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದು ಸಾಂದ್ರವಾಗುತ್ತದೆ. ವ್ಯಾಯಾಮ ಶುರುಮಾಡಿದವರು ಹೆಚ್ಚು ನೀರು ಕುಡಿಯುವುದರಿಂದ, ಕುಡಿಯಲೂ ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನು ಬಳಸುವುದು ಲೇಸು. ಸೊಂಟ, ಮಂಡಿ, ಕುತ್ತಿಗೆಯ ಬಿಗಿತವನ್ನೆಲ್ಲ ವಯಸ್ಸಿನ ತಲೆಗೆ ಕಟ್ಟದೆ, ಬಹುಕಾಲ ಕೊಳವೆಬಾವಿ ನೀರು ಕುಡಿದವರು ಆ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು.

ವ್ಯಾಯಾಮಕ್ಕೆ ಈಗ ಜಾಗ ಹುಡುಕೋಣ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕು, ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕು. ಒಂದೇ ಬಾರಿಗೆ ಕನಿಷ್ಠ 10 ನಿಮಿಷ ಮಾಡಬೇಕೆಂಬ ಹಿಂದಿನ ಷರತ್ತನ್ನು ಅದರಲ್ಲಿ ಕೈಬಿಟ್ಟಿರುವುದು ಪ್ರಯಾಣಿಕರಿಗೆ ದೊಡ್ಡ ಅನುಕೂಲ. ಮನೆಯಿಂದ ನಿಲ್ದಾಣಕ್ಕೆ ಆಟೋ ಬಿಟ್ಟು ಬಿರುಸಾಗಿ ನಡೆದರೆ, ಬೆಂಗಳೂರಿನಲ್ಲಿ ಒಂದು ನಿಲ್ದಾಣ ಮೊದಲೇ ಇಳಿದರೆ, ಮಧ್ಯಾಹ್ನದ ಊಟದ ನಂತರ ಹತ್ತು ನಿಮಿಷ ಅಡ್ಡಾಡಿದರೆ ದಿನಕ್ಕೆ ಅರ್ಧ ಗಂಟೆ ಕೂಡಿಬರುತ್ತದೆ. ನಡೆಯುವಾಗ ಮಾತನಾಡಲು ಸಾಧ್ಯವಾಗಿ, ಹಾಡಲು ಉಸಿರು ಸಾಲದಂತಿದ್ದರೆ ಅದೇ ಮಧ್ಯಮ ಶ್ರಮ. ಬಲದ ವ್ಯಾಯಾಮಕ್ಕೆ ವಾರದಲ್ಲಿ ಎರಡು ದಿನ ಹದಿನೈದು ನಿಮಿಷ ಸಾಕು: ಕುರ್ಚಿಯಿಂದ ಕೈಯಾಸರೆಯಿಲ್ಲದೆ ಎದ್ದು ಕೂರುವುದು, ಅದು ಸಲೀಸಾದ ಮೇಲೆ ಬಸ್ಕಿ, ಗೋಡೆಗೆ ಅಂಗೈ ಊರಿ ದಂಡ ತೆಗೆಯುವುದು.

ವಾರವಿಡೀ ಕೂತಿದ್ದವರು ಭಾನುವಾರ ಏಕಾಏಕಿ ಸ್ಕಂದಗಿರಿಗೋ, ಸುಲ್ತಾನ್‌ಪೇಟೆಯ ಮೆಟ್ಟಿಲುಗಳಿಂದ ನಂದಿ ಬೆಟ್ಟಕ್ಕೋ ಹತ್ತಿದರೆ ಮಂಡಿ ಸೋಮವಾರ ಉತ್ತರ ಹೇಳುತ್ತದೆ. ಮೊದಲು ಆರೆಂಟು ವಾರ ನಡಿಗೆ ರೂಢಿಯಾಗಲಿ. 1,478 ಮೀಟರ್ ಎತ್ತರದ ನಂದಿಯ ನೆತ್ತಿಯವರೆಗೂ ಬೈಕಿನಲ್ಲಿ ಹೋಗಿ ಬಜ್ಜಿ ತಿಂದು ಇಳಿದು ಬರುವುದು ಸೊಗಸಾದ ಪ್ರವಾಸವೇ ಹೊರತು ವ್ಯಾಯಾಮವಲ್ಲ. ಹತ್ತುವಾಗ ಎದೆ ಹಿಂಡಿದಂತಾದರೆ, ತಲೆ ಸುತ್ತಿದರೆ ಅಲ್ಲಿಯೇ ನಿಂತು ನೆರವು ಕರೆಯಬೇಕು. ಹೃದ್ರೋಗ ಅಥವಾ ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ಪರೀಕ್ಷೆ ಮಾಡಿಸಿಕೊಳ್ಳದೆ ಬೆಟ್ಟಕ್ಕೆ ಕಾಲಿಡಬಾರದು.

ಇಷ್ಟೆಲ್ಲ ಹೇಳಿದ್ದು ಕುಳಿತು ದುಡಿಯುವವರಿಗೆ. ಶಿಡ್ಲಘಟ್ಟ, ಚಿಂತಾಮಣಿ ಕಡೆಯ ರೇಷ್ಮೆ ಬೆಳೆಗಾರರಿಗೆ ಬೆಳಗಿನ ನಡಿಗೆಯ ಉಪದೇಶ ಮಾಡುವುದು ಅನ್ಯಾಯ. ಹುಳು ನಾಲ್ಕನೆಯ ಜ್ವರದಿಂದ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹಂತದಿಂದ, ಎದ್ದ ಮೇಲಿನ ಏಳೆಂಟು ದಿನಗಳಲ್ಲಿಯೇ ಇಡೀ ಬೆಳೆಯ ಸೊಪ್ಪಿನ ಶೇಕಡಾ 80ಕ್ಕೂ ಹೆಚ್ಚನ್ನು ತಿಂದುಬಿಡುವುದರಿಂದ, ಆ ದಿನಗಳಲ್ಲಿ ಮನೆಮಂದಿಗೆಲ್ಲ ಸೊಪ್ಪು ಕೊಯ್ಯುವುದು, ಹೊರುವುದು, ಹಾಕುವುದು ಬಿಟ್ಟರೆ ಬೇರೆ ಇಲ್ಲ. ಅವರಿಗೆ ಶ್ರಮ ಸಾಲದೆಂಬ ಮಾತಿಲ್ಲ, ಬೇಕಿರುವುದು ನಿದ್ದೆ. ರಾತ್ರಿಯ ಸೊಪ್ಪಿನ ಸರದಿಯನ್ನು ಹಂಚಿಕೊಂಡು ಪ್ರತಿಯೊಬ್ಬರಿಗೂ ನಾಲ್ಕೈದು ಗಂಟೆಯಾದರೂ ಎಡೆಬಿಡದ ನಿದ್ದೆ ಸಿಗುವಂತೆ ಮಾಡಿಕೊಳ್ಳಬೇಕು, ಉಳಿದುದನ್ನು ಮಧ್ಯಾಹ್ನದ ನಿದ್ದೆಯಿಂದ ತುಂಬಿಕೊಳ್ಳಬೇಕು. ಹೊರೆ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಚಬೇಕು. ಅಡುಗೆಗೆ ಪುರುಸೊತ್ತಿಲ್ಲದ ಆ ವಾರಕ್ಕೆಂದು ಹುರಿಹಿಟ್ಟನ್ನು ಮೊದಲೇ ಮಾಡಿಟ್ಟುಕೊಂಡರೆ ಮಜ್ಜಿಗೆಗೆ ಕಲಸಿಕೊಂಡು ಕುಡಿಯಬಹುದು, ಬರೀ ಟೀ ಬನ್ನಿನಲ್ಲಿ ದಿನ ದೂಡುವುದು ತಪ್ಪುತ್ತದೆ. ಇದೇ ಮನೆಗಳಲ್ಲಿ ಡೇರಿಗೆ ಹಾಲು ಹಾಕಲು ನಸುಕಿನಲ್ಲಿ ಏಳುವ ಹೆಣ್ಣುಮಕ್ಕಳೇ ರಾತ್ರಿ ಕೊನೆಗೆ ಉಣ್ಣುವವರೂ ಆಗಿರುತ್ತಾರೆ; ಪಾತ್ರೆ ತೊಳೆಯುವ ಕೆಲಸ ಗಂಡಸರ ಪಾಲಿಗೆ ಬಂದರೆ ಅವರಿಗೆ ಅರ್ಧ ಗಂಟೆ ನಿದ್ದೆ ಸಿಗುತ್ತದೆ.

ಈ ಏರ್ಪಾಡು ನಡೆಯುತ್ತಿದೆಯೇ ಎಂದು ನೋಡಲು ಗೋಡೆಯ ಕ್ಯಾಲೆಂಡರಿನ ಆಯಾ ತಾರೀಖಿನ ಮೇಲೆ ಮೂರು ಅಂಕಿಗಳನ್ನು ಬರೆಯುತ್ತಾ ಹೋಗಿ: ಎಷ್ಟು ಗಂಟೆ ನಿದ್ದೆ, ಎಷ್ಟು ನಿಮಿಷ ನಡಿಗೆ, ಎಷ್ಟು ಹೊತ್ತಿಗೆ ರಾತ್ರಿಯೂಟ. ನಿದ್ದೆ ಆರು ಗಂಟೆಗಿಂತ ಕಡಿಮೆಯಾದ ಮರುದಿನ ಬಸ್ಕಿ ದಂಡ ಬಿಟ್ಟು ನಡಿಗೆಯನ್ನಷ್ಟೇ ಉಳಿಸಿಕೊಳ್ಳಿ. ಏಳೆಂಟು ಗಂಟೆ ಮಲಗಿದರೂ ಹಗಲು ತೂಕಡಿಕೆ ಬಿಡದಿದ್ದರೆ, ಗೊರಕೆಯ ನಡುವೆ ಉಸಿರು ನಿಂತಂತಾಗುತ್ತದೆಂದು ಮನೆಯವರು ಹೇಳಿದರೆ, ಆ ಕ್ಯಾಲೆಂಡರಿನ ಹಾಳೆಯನ್ನೇ ಹಿಡಿದುಕೊಂಡು ವೈದ್ಯರ ಬಳಿಗೆ ಹೋಗಿ.