ಖಾಲಿ ಚೀಲದಲ್ಲಿ ಕೀವು: ನಾನು ತೊಳೆದ ಕತೆ

"ಮೂತ್ರವೇ ಬರದವನ ಮೂತ್ರಕೋಶದಲ್ಲಿ ಏನಿರುತ್ತೆ, ಬಿಡ್ರೀ" ಎಂದು ದಾವಣಗೆರೆಯ ಸೀನಿಯರ್ ಡಾಕ್ಟರ್ ಒಬ್ಬರು ನಕ್ಕಿದ್ದರು. ಅಂಥದೇ ಒಂದು ಮೂತ್ರಕೋಶದಿಂದ ನಾನು ತೆಗೆದದ್ದು ಸುಮಾರು 150 ಎಂಎಲ್ ಕೀವು.

ಜಗಳೂರು ಕಡೆಯ ಯಜಮಾನರು. ಶುಗರ್, ವಾರಕ್ಕೆ ಮೂರು ಡಯಾಲಿಸಿಸ್, ಮೂತ್ರ ನಿಂತು ಎರಡು ವರ್ಷದ ಮೇಲಾಗಿತ್ತು. ಬಂದಾಗೆಲ್ಲ ಚಳಿಜ್ವರ. ಎಲ್ಲರಂತೆ ನಾನೂ ಡಯಾಲಿಸಿಸ್‌ಗೆ ಕುತ್ತಿಗೆಯಲ್ಲಿ ಹಾಕಿದ್ದ ನಳಿಕೆ, ಅಂದರೆ ಕ್ಯಾಥೆಟರ್ ಮೇಲೆ ಅನುಮಾನಪಟ್ಟೆ. ತೆಗೆದು ಹೊಸದು ಹಾಕಿದೆ. ರಕ್ತದಲ್ಲಿ ಕೀಟಾಣು ಬೆಳೆಯುತ್ತಾ ಎಂದು ನೋಡುವ ಬ್ಲಡ್ ಕಲ್ಚರ್ ಎರಡು, ಎರಡರಲ್ಲೂ ಏನೂ ಬೆಳೆಯಲಿಲ್ಲ. ವ್ಯಾಂಕೊಮೈಸಿನ್ ಎಂಬ ಆಂಟಿಬಯೋಟಿಕ್ ಹೋಯಿತು, ಹೃದಯದ ಸ್ಕ್ಯಾನ್ ಎಕೋ ಆಯಿತು. ಮೆಕ್ಕೆಜೋಳ ಮಾರಿದ ದುಡ್ಡಲ್ಲಿ 35-40 ಸಾವಿರ ಕರಗಿತು.

"ಹೊಟ್ಟೆ ಕೆಳಗೆ ಬಿಗೀತೈತ್ರೀ ಸಾರ್" ಎಂದು ಅವರು ಮೊದಲ ದಿನವೇ ಹೇಳಿದ್ದರು. ನಾನು ಗ್ಯಾಸ್ ಎಂದಿದ್ದೆ. ಬಟ್ಟೆಯಲ್ಲಿ ವಾಸನೆಯ ಕಲೆ ಇದೆ ಎಂದು ಅವರ ಹೆಂಡತಿ ಸಿಸ್ಟರ್ ಹತ್ತಿರ ಹೇಳಿದ ಮೇಲೆ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟೆ. ಪಯೋಸಿಸ್ಟಿಸ್, ಅಂದರೆ ಮೂತ್ರಕೋಶದಲ್ಲಿ ಕೀವು ತುಂಬಿಕೊಳ್ಳುವುದು.

16ರ ಸೈಜಿನ ಫೋಲಿ, ಅಂದರೆ ಮೂತ್ರದ ನಳಿಕೆ ಹಾಕಿದೆ, ಸ್ವಲ್ಪ ಬಂದು ಕಟ್ಟಿಕೊಂಡಿತು. ಒಳಗೆ ಬಿಡಲು, ಹೊರಗೆ ಹರಿಯಲು ಬೇರೆ ಬೇರೆ ದಾರಿಯಿರುವ ತ್ರೀ-ವೇ ನಳಿಕೆ ಹಾಕಿ ಸಲೈನ್ ಬಿಟ್ಟರೆ ಒಳಗೆ ಹೋದದ್ದು ಹೊರಗೆ ಬರಲಿಲ್ಲ. ಯಜಮಾನರು ನೋವಿಗೆ ಕೂಗಿಕೊಂಡರು. "ಮೂತ್ರಕೋಶ ತೆಗೆಸಿಬಿಡಿ, ತೊಳೆದರೆ ಮತ್ತೆ ತುಂಬುತ್ತೆ" ಎಂದರು ಸೀನಿಯರ್. ಆದರೆ ಯಜಮಾನರ ಹೃದಯ ಆ ಆಪರೇಷನ್ ತಡೆಯುವಂತಿರಲಿಲ್ಲ.

ಕೊನೆಗೆ ಕೈಯಲ್ಲೇ ತೊಳೆದೆ. ಇನ್ನೂ ದಪ್ಪದ 22ರ ಕ್ಯಾಥೆಟರ್, ದೊಡ್ಡ ಮೂತಿಯ 50 ಎಂಎಲ್ ಸಿರಿಂಜ್. 30 ಎಂಎಲ್ ಸಲೈನ್ ಹಾಕುವುದು, ಅಷ್ಟನ್ನೇ ಎಳೆಯುವುದು, ದಿನಕ್ಕೆರಡು ಸಲ. ಬಳಸದ ಚೀಲ ಕುಗ್ಗಿರುತ್ತೆ, ಜಾಸ್ತಿ ತಳ್ಳಿದರೆ ರಕ್ತ. ಕೀವಿನ ಕಲ್ಚರ್‌ನಲ್ಲಿ ಇ. ಕೊಲೈ ಬ್ಯಾಕ್ಟೀರಿಯಾ ಬಂತು. ಅದಕ್ಕೆ ಆಂಟಿಬಯೋಟಿಕ್ ಇಂಜೆಕ್ಷನ್ ಡಯಾಲಿಸಿಸ್ ಮುಗಿದ ಮೇಲೆ ಕೊಟ್ಟೆ. ಆದರೆ ಮೂತ್ರವೇ ಇಲ್ಲದ ಮೇಲೆ ಔಷಧಿ ಅಲ್ಲಿಗೆ ಸರಿಯಾಗಿ ಇಳಿಯಲ್ಲ, ಅಲ್ವಾ? ಹಾಗಾಗಿ ಮೂತ್ರಕೋಶದ ಒಳಗೂ ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಬಿಟ್ಟೆ. ಎಷ್ಟು ಬಿಟ್ಟೆ, ಎಷ್ಟು ಹೊತ್ತು ನಳಿಕೆ ಮುಚ್ಚಿಟ್ಟೆ ಅನ್ನೋದು ಎದುರು ಸಿಕ್ಕಾಗ ಹೇಳುತ್ತೇನೆ.

ನಡುವೆ ತೆಳು ಬೆಟಾಡಿನ್‌ನಲ್ಲೂ ತೊಳೆದು ನೋಡಿದೆ. ಉರಿ ಅಂತ ಯಜಮಾನರು ನನ್ನ ಕೈಯನ್ನೇ ಹಿಡಿದರು. ಅಲ್ಲಿಗೆ ಬಿಟ್ಟೆ.

ನಾಲ್ಕನೇ ದಿನ ಜ್ವರ ಇಳಿಯಿತು, ಹತ್ತು ದಿನಕ್ಕೆ ತೊಳೆದ ನೀರು ತಿಳಿಯಾಯಿತು. ಈ ತೊಳೆಯುವ ಸಾಮಾನಿಗೆ ಎರಡು ಸಾವಿರವೂ ಆಗಿರಲಿಲ್ಲ! ಹುರುಪಿನಲ್ಲಿ ನಮ್ಮಲ್ಲಿ ಮೂತ್ರ ನಿಂತ ಇಪ್ಪತ್ತು ಜನಕ್ಕೂ ಪ್ರೋಬ್ ಇಟ್ಟೆ. ಒಬ್ಬರಲ್ಲಿ ಸ್ವಲ್ಪ ಕದಡಿದ ನೀರಿತ್ತು, ಅಷ್ಟೇ.

ಈಗ ಮಗ ವಾರಕ್ಕೊಮ್ಮೆ ಮನೆಯಲ್ಲೇ ತೊಳೆಯುತ್ತಾನೆ. ಮೆಕ್ಕೆಜೋಳ ಮುರಿಯುವಾಗ ಮೂರು ವಾರ ಬಿಟ್ಟ, ವಾಸನೆ ಮತ್ತೆ ಶುರುವಾಯಿತು. ಸೀನಿಯರ್ ಹೇಳಿದ್ದು ಅಷ್ಟರಮಟ್ಟಿಗೆ ನಿಜ. ಬೈದೆ, ಮತ್ತೆ ಹಿಡಿದ.