‘ಹೆಚ್ಚಿಸು’ ಅನ್ನುವುದಕ್ಕೆ ಯಾವ ಇಂಗ್ಲಿಷ್ ಪದ?

ಎನ್‌ಹ್ಯಾನ್ಸ್, ಎಕ್ಸಾಸರ್ಬೇಟ್, ಆಗ್ಮೆಂಟ್: ಮೂರಕ್ಕೂ ‘ಹೆಚ್ಚಿಸು’ ಅಂತ ಬರೆದುಕೊಂಡು ಬಾಯಿಪಾಠ ಮಾಡಿದರೆ ವಾಕ್ಯ ಬರೆಯುವಾಗ ಮೂರೂ ಕೈಕೊಡುತ್ತವೆ. ಊಟದ ರುಚಿ ಹೆಚ್ಚಿಸುವುದು ಎನ್‌ಹ್ಯಾನ್ಸ್. ಕಾಯಿಲೆಯನ್ನೋ ಜಗಳವನ್ನೋ ಇನ್ನಷ್ಟು ಕೆಡಿಸುವುದು ಎಕ್ಸಾಸರ್ಬೇಟ್. ಇರುವ ಆದಾಯಕ್ಕೆ ಮತ್ತೊಂದಿಷ್ಟು ಸೇರಿಸುವುದು ಆಗ್ಮೆಂಟ್. ‘ವಿರಳ’ದ್ದೂ ಇದೇ ಪಾಡು. ಹಕ್ಕಿ ರೇರ್, ಬೇಸಿಗೆಯಲ್ಲಿ ನೀರು ಸ್ಕೇರ್ಸ್, ತಲೆಗೂದಲು ಸ್ಪಾರ್ಸ್. ಅದಕ್ಕೇ ನಾನು ಪದದ ಅರ್ಥದ ಜೊತೆಗೇ ಅದರ ಒಡನಾಟ ಯಾವುದರ ಜೊತೆ ಅಂತ ನೋಡಿಕೊಳ್ಳುತ್ತೇನೆ. ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ಲರ್ನರ್ಸ್ ಡಿಕ್ಷನರಿಗಳಲ್ಲಿ ಅರ್ಥದ ಕೆಳಗೆ ಕೊಡುವ ಉದಾಹರಣೆ ವಾಕ್ಯಗಳು ಇದಕ್ಕೆ ಸಾಕು.

ಯಾವ ಪದ ಕಲಿಯಬೇಕು? ದಪ್ಪ ಪುಸ್ತಕದ ‘ಎ’ ಅಕ್ಷರದಿಂದ ಶುರು ಮಾಡಬೇಡಿ. ಭಾಷಾತಜ್ಞೆ ಏವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್‌ನಲ್ಲಿ, ಅಂದರೆ ಓದು-ಅಧ್ಯಯನದ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಪದಗಳ ಪಟ್ಟಿಯಲ್ಲಿ, 570 ಪದ ಕುಟುಂಬಗಳಿವೆ (ಒಂದು ಮೂಲ ಪದ ಮತ್ತು ಅದರ ರೂಪಗಳು ಸೇರಿ ಒಂದು ಕುಟುಂಬ). ದಿನಕ್ಕೆ 5ರಂತೆ 114 ದಿನದ ಕೆಲಸ. ಆಮೇಲೆ ಪತ್ರಿಕೆಯ ಸಂಪಾದಕೀಯಗಳಲ್ಲಿ ಎರಡು ಮೂರು ಸಲ ಎದುರಾದ ಪದಗಳನ್ನು ಮಾತ್ರ ಸೇರಿಸಿಕೊಳ್ಳಿ.

ನೆನಪಿಡಲು ಪದಕ್ಕೊಂದು ಕಾರ್ಡು ಮಾಡಿಕೊಳ್ಳಿ; ಅದರ ಎರಡು ಬದಿಯಲ್ಲಿ ಏನಿರಬೇಕು ಅನ್ನುವುದೇ ಮುಖ್ಯ. ಮುಂಭಾಗದಲ್ಲಿ ಇಂಗ್ಲಿಷ್ ಪದ ಬರೆದರೆ ಗುರುತು ಹಿಡಿಯುವುದು ಬರುತ್ತದೆ, ಬಳಸುವುದು ಬರುವುದಿಲ್ಲ. ಹಾಗಾಗಿ ಮುಂದೆ ಕನ್ನಡ ವಾಕ್ಯ, ಅದೂ ನಮ್ಮ ಚಿಕ್ಕಮಗಳೂರಿನ ದಿನಬಳಕೆಯದು: ‘ಹೂ ಅರಳಿಸುವ ಹೂಮಳೆ ಬೀಳುವ ತನಕ ಕಾಫಿ ಮೊಗ್ಗು ಸುಪ್ತವಾಗಿರುತ್ತದೆ.’ ಹಿಂದೆ: ‘ಕಾಫಿ ಬಡ್ಸ್ ರಿಮೇನ್ ಡಾರ್ಮಂಟ್ ಅಂಟಿಲ್ ದ ಬ್ಲಾಸಮ್ ಶವರ್ಸ್.’ ಅದರ ಕೆಳಗೆ ಎರಡು ಒಡನಾಟ: ಡಾರ್ಮಂಟ್ ವಾಲ್ಕೇನೊ, ಬಹುಕಾಲ ವಹಿವಾಟಿಲ್ಲದ ಡಾರ್ಮಂಟ್ ಅಕೌಂಟ್. ಕೊನೆಯಲ್ಲಿ ಮೂಲ: ನಿದ್ರೆಗೆ ಸಂಬಂಧಿಸಿದ ಲ್ಯಾಟಿನ್ ಧಾತು, ಡಾರ್ಮಿಟರಿಯಲ್ಲಿ ಇರುವುದೂ ಅದೇ. ತೋಟದ ಮೊಗ್ಗು ಕಣ್ಣ ಮುಂದೆ ಬಂದ ಮೇಲೆ ಈ ಪದ ಮರೆಯುವುದು ಕಷ್ಟ. ಎರ‍್ರಾಟಿಕ್‌ಗೆ ಈಚಿನ ವರ್ಷಗಳ ಹೊತ್ತುಗೊತ್ತಿಲ್ಲದ ಮಳೆ, ಇಂಟ್ರಿಕೇಟ್‌ಗೆ ಬೇಲೂರಿನ ಬಳಪದ ಕಲ್ಲಿನ ಸೂಕ್ಷ್ಮ ಕೆತ್ತನೆ. ಇಂಥ ವಾಕ್ಯ ನೀವೇ ಕಟ್ಟಬೇಕು. ಬೇರೆಯವರು ಮಾಡಿಟ್ಟ ಕಾರ್ಡುಗಳಲ್ಲಿ ಆ ಹಿಡಿತ ಇರುವುದಿಲ್ಲ.

ಮೂಲಧಾತು ನಂಬಿ ಅರ್ಥ ಊಹಿಸುವಾಗ ಎಚ್ಚರ. ‘ಇನ್’ ಅಂದರೆ ಯಾವಾಗಲೂ ‘ಅಲ್ಲ’ ಅಂತಲ್ಲ. ಇನ್‌ಫ್ಲೇಮಬಲ್ ಅಂದರೆ ಬೇಗ ಹೊತ್ತಿಕೊಳ್ಳುವಂಥದ್ದು, ಅಲ್ಲಿ ‘ಇನ್’ಗೆ ‘ಅಲ್ಲ’ ಅನ್ನುವ ಅರ್ಥವೇ ಇಲ್ಲ. ಇನ್‌ವ್ಯಾಲ್ಯುಬಲ್‌ನಲ್ಲಿ ಆ ಅರ್ಥ ಇದೆ, ಆದರೆ ಅದು ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು.

ಪುನರಾವರ್ತನೆಗೆ ಐದು ಕಟ್ಟು: 1, 3, 7, 15, 30ನೆಯ ದಿನ. ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಪೆಟ್ಟಿಗೆ ಪದ್ಧತಿಯ ಸರಳ ರೂಪ ಇದು. ಸರಿ ಹೇಳಿದ ಕಾರ್ಡು ಮುಂದಿನ ಕಟ್ಟಿಗೆ, ತಪ್ಪಿದ್ದು ಮೊದಲ ಕಟ್ಟಿಗೆ. ಎಡವುವುದು ಲೆಕ್ಕದಲ್ಲಿ. ದಿನಕ್ಕೆ 5 ಪದವಾದರೆ ತಿಂಗಳ ಹೊತ್ತಿಗೆ ದಿನಾ ಕನಿಷ್ಠ 25 ಕಾರ್ಡು ತಿರುಗಿಸಬೇಕು. 10 ಅಂದರೆ 50, ತಪ್ಪಿದವು ಬೇರೆ. ಮೊದಲ ವಾರದ ಹುರುಪಿನಲ್ಲಿ 20 ಹಾಕಿಕೊಂಡವರು ಮೂರನೆಯ ವಾರಕ್ಕೆ ಬಿಟ್ಟುಬಿಡುವುದು ಇದೇ ಕಾರಣಕ್ಕೆ. ಇಂಥ ಕಾರ್ಡುಗಳನ್ನು ಮೊಬೈಲಿನಲ್ಲೇ ತಿರುಗಿಸುವ ಆಂಕಿ ಆ್ಯಪ್ ಬಳಸುವವರು ಗಮನಿಸಿ: ಅಲ್ಲಿ ಹೊಸ ಕಾರ್ಡಿನ ಮಿತಿ ದಿನಕ್ಕೆ 20 ಅಂತಲೇ ಇರುತ್ತದೆ, ಸೆಟ್ಟಿಂಗ್ಸ್‌ಗೆ ಹೋಗಿ 5ಕ್ಕೆ ಇಳಿಸಿ.

ಉಚ್ಚಾರಣೆಯನ್ನು ಮೊದಲ ದಿನವೇ ಕೇಳಿಸಿಕೊಳ್ಳಿ. ಬರೆದಂತೆ ಓದುವುದು ನಮಗೆ ಕನ್ನಡದಿಂದ ಬಂದ ಅಭ್ಯಾಸ, ಇಂಗ್ಲಿಷ್ ಅದಕ್ಕೆ ಒಗ್ಗುವುದಿಲ್ಲ. ‘ಸಬ್‌ಟಲ್’ ಅಲ್ಲ, ಸಟ್‌ಲ್. ‘ಎಪಿಟೋಮ್’ ಅಲ್ಲ, ಎಪಿಟಮಿ. ‘ಇಂಡಿಕ್ಟ್’ ಅಲ್ಲ, ಇಂಡೈಟ್. ತಪ್ಪಾಗಿ ನಾಲಿಗೆಗೆ ಕೂತ ಪದವನ್ನು ಬಿಡಿಸುವುದು ಹೊಸದು ಕಲಿಯುವುದಕ್ಕಿಂತ ಕಷ್ಟ.

ಭಾನುವಾರ ಹೊಸ ಪದ ಇಲ್ಲ. ಆ ವಾರದ ಪದಗಳಲ್ಲಿ ಎಂಟನ್ನು ಬಳಸಿ ಹತ್ತು ಸಾಲು ಬರೆದು ಗಟ್ಟಿಯಾಗಿ ಓದುತ್ತೇನೆ. ಒತ್ತಾಯಕ್ಕೆ ತುರುಕಿದಂತೆ ಕೇಳಿಸಿದ ಪದದ ಒಡನಾಟ ಇನ್ನೂ ಗೊತ್ತಾಗಿಲ್ಲ ಅಂತ ಲೆಕ್ಕ. ಡಿಕ್ಷನರಿಯಿಂದ ಇನ್ನೆರಡು ಉದಾಹರಣೆ ಬರೆದು, ಆ ಕಾರ್ಡನ್ನು ಮೊದಲ ಕಟ್ಟಿಗೆ ಹಾಕುತ್ತೇನೆ.