ಬಿಲ್ಲಿಗೆ ತಕ್ಕ ಬಾಣ: ಮೊದಲು ಗಡಸು ನೋಡಿ, ಆಮೇಲೆ ತೂಕ

ಬಿಲ್ಲು ಕೊಳ್ಳುವಾಗ ಜನ ಹತ್ತು ಕಡೆ ವಿಚಾರಿಸುತ್ತಾರೆ. ಬಾಣದ ಸರದಿ ಬಂದಾಗ ಮಾತ್ರ ‘ಯಾವುದಾದರೂ ಒಂದು ಡಜನ್ ಕೊಡಿ’ ಅನ್ನುತ್ತಾರೆ. ಬಾಣ ಅಡ್ಡಾದಿಡ್ಡಿ ಹೋದರೆ ಬೈಗುಳ ಬಿಲ್ಲಿಗೆ! ನಿಜವಾಗಿ ಬಿಲ್ಲಿಗೂ ಬಿಲ್ಲುಗಾರನಿಗೂ ಹೊಂದಿಸಿ ಆರಿಸಬೇಕಾದದ್ದು ಬಾಣವನ್ನೇ.

ಹುಬ್ಬಳ್ಳಿ-ಧಾರವಾಡದ ಕಡೆ ಹೊಸದಾಗಿ ಬಿಲ್ಲು ಹಿಡಿದವರಿಗೆ ಇನ್ನೊಂದು ತೊಂದರೆ ಇದೆ. ಬಾಣದ ಬಗ್ಗೆ ಯೂಟ್ಯೂಬ್‌ನಲ್ಲಿ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಅಮೆರಿಕದ ಬೇಟೆಗಾರರದ್ದೇ ಜಾಸ್ತಿ. ಅವರ ಲೆಕ್ಕ ತಪ್ಪಲ್ಲ, ಆದರೆ ಅದು ಜಿಂಕೆ ಹೊಡೆಯುವ ಲೆಕ್ಕ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆಗೆ ಯತ್ನಿಸಿದರೂ ಅಪರಾಧ. ರಾಣೆಬೆನ್ನೂರಿನ ಕೃಷ್ಣಮೃಗ ಇರಲಿ, ಕಪ್ಪತಗುಡ್ಡದ ಪ್ರಾಣಿ ಇರಲಿ, ಮಾಗಡಿ ಕೆರೆಗೆ ಬರುವ ಬಾತುಗಳಿರಲಿ, ಬಾಣ ತಿರುಗಿಸುವಂತಿಲ್ಲ. ಬೆಳೆ ತಿನ್ನುವ ಕಾಡುಹಂದಿಯನ್ನೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ಈ ಲೇಖನ ಗುರಿಹಲಗೆಗೆ ಬಾಣ ಬಿಡುವವರಿಗೆ. ಆದರೂ ಬೇಟೆಗಾರರ ಲೆಕ್ಕ ತಿಳಿದಿದ್ದರೆ ಒಳ್ಳೆಯದು. ಅದರಲ್ಲಿ ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದು ಆಗ ಗೊತ್ತಾಗುತ್ತದೆ.

ಬೇಟೆಗಾರರಿಗೆ ಭಾರದ ಬಾಣ ಯಾಕೆ?

ಬಾಣದ ತೂಕವನ್ನು ಗ್ರೇನ್‌ನಲ್ಲಿ ಹೇಳುತ್ತಾರೆ. ನಮಗೆ ಇದು ಅಷ್ಟೇನೂ ಹೊಸದಲ್ಲ. ಒಂದು ತೊಲ ಬಂಗಾರ ಅಂದರೆ 180 ಗ್ರೇನ್, ಸುಮಾರು 11.66 ಗ್ರಾಂ. 60 ಪೌಂಡ್ ಎಳೆತದ (ಹೆದೆ ಎಳೆಯಲು ಬೇಕಾದ ಬಲ) ಕಾಂಪೌಂಡ್ ಬಿಲ್ಲಿಗೆ (ತುದಿಗಳಲ್ಲಿ ರಾಟೆ ಇರುವ ಬಿಲ್ಲು) ಬೇಟೆಗಾರ 420 ಗ್ರೇನ್ ಬಾಣ ಹಾಕಿದ ಅಂದುಕೊಳ್ಳಿ. ಅದು ಎರಡು ತೊಲ ದಾಟುತ್ತದೆ. ಪೌಂಡಿಗೆ 7 ಗ್ರೇನ್ ಆಯಿತು.

ಬಾಣದ ಹೊಡೆತದ ಶಕ್ತಿಗೆ ಒಂದು ಸೂತ್ರ ಇದೆ. ತೂಕವನ್ನು (ಗ್ರೇನ್) ವೇಗದ (ಸೆಕೆಂಡಿಗೆ ಅಡಿ) ವರ್ಗದಿಂದ ಗುಣಿಸಿ, 4,50,240ರಿಂದ ಭಾಗಿಸಬೇಕು. 420 ಗ್ರೇನ್ ಬಾಣ ಸೆಕೆಂಡಿಗೆ 260 ಅಡಿ ಹೋದರೆ ಸುಮಾರು 63 ಅಡಿ-ಪೌಂಡ್ ಬರುತ್ತದೆ. ಬಾಣ ತಯಾರಿಸುವ ಈಸ್ಟನ್ ಕಂಪನಿಯ ಪಟ್ಟಿಯಲ್ಲಿ ಜಿಂಕೆಗೆ 25ರಿಂದ 41, ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಮತ್ತು ಕಾಡುಹಂದಿಗೆ 42ರಿಂದ 65, ಆಫ್ರಿಕಾದ ಕಾಡೆಮ್ಮೆಯಂಥ ಗಟ್ಟಿ ಪ್ರಾಣಿಗೆ ಅದಕ್ಕೂ ಮೇಲೆ ಅಂತ ಇದೆ. ದೊಡ್ಡ ಎಲುಬು ಒಡೆಯಲು 650 ಗ್ರೇನ್ ದಾಟಬೇಕು ಎಂದ, ಬೇಟೆ ಬಾಣಗಳನ್ನು ಪರೀಕ್ಷಿಸಿದ ಎಡ್ ಆಶ್ಬಿ ಅವರ ಮಾತನ್ನು ಆ ವಿಡಿಯೊಗಳಲ್ಲಿ ಪದೇ ಪದೇ ಕೇಳುತ್ತೀರಿ.

ಹಗುರ ಬಾಣ ಬೇಗ ಹೋಗುತ್ತದಲ್ಲ, ಪ್ರಾಣಿ ಓಡುವ ಮೊದಲೇ ತಾಗುವುದಿಲ್ಲವೇ? ಇಲ್ಲ. 60 ಅಡಿ ದೂರಕ್ಕೆ ಸೆಕೆಂಡಿಗೆ 250 ಅಡಿ ವೇಗದ ಬಾಣಕ್ಕೆ ಸುಮಾರು ಕಾಲು ಸೆಕೆಂಡು ಬೇಕು. ಹೆದೆಯ ಸದ್ದು ಸೆಕೆಂಡಿಗೆ 1,100 ಅಡಿಗೂ ಮೇಲೆ ಓಡುತ್ತದೆ. ಸದ್ದು ಮೊದಲು ಮುಟ್ಟುತ್ತದೆ, ಜಿಂಕೆ ಬೆಚ್ಚಿ ಬಗ್ಗುತ್ತದೆ, ಬಾಣ ಮೇಲಿಂದ ಹೋಗುತ್ತದೆ. ಭಾರದ ಬಾಣ ಹಾಕಿದರೆ ಬಿಲ್ಲಿನ ಸದ್ದು ಕಡಿಮೆ. ಹಾಗಾಗಿ ಅನುಭವಿ ಬೇಟೆಗಾರರು ವೇಗದ ಹಿಂದೆ ಓಡುವುದಿಲ್ಲ.

ಗುರಿಹಲಗೆಗೆ ಎಲುಬೂ ಇಲ್ಲ, ಕಿವಿಯೂ ಇಲ್ಲ. 650 ಗ್ರೇನ್ ನಮಗೆ ಬೇಕಿಲ್ಲ. ಅಗಲ ಅಲಗಿನ ಬೇಟೆ ಮೊನೆಯಂತೂ ಬೇಡವೇ ಬೇಡ. ಅದು ಗುರಿಹಲಗೆಯನ್ನೂ ಕೊಯ್ಯುತ್ತದೆ, ಕೈಯನ್ನೂ ಕೊಯ್ಯುತ್ತದೆ.

ನಿಮ್ಮ ಎಳೆತದ ಉದ್ದ ಅಳೆಯಿರಿ

ಎರಡೂ ಕೈ ಅಗಲಿಸಿ ನಿಂತು, ಬೆರಳ ತುದಿಯಿಂದ ತುದಿಗೆ ಅಳೆಸಿಕೊಳ್ಳಿ. 2.5ರಿಂದ ಭಾಗಿಸಿ. 170 ಸೆಂ.ಮೀ. ಇದ್ದರೆ 68 ಸೆಂ.ಮೀ., ಅಂದರೆ ಹತ್ತಿರ ಹತ್ತಿರ 26¾ ಇಂಚು. ಇದು ಅಂದಾಜು ಅಷ್ಟೇ. ಸರಿಯಾದ ಅಳತೆ ಬೇಕಾದರೆ ಕೋಚ್ ಎದುರು ಹಗುರ ಬಿಲ್ಲು ಎಳೆದು, ಉದ್ದದ ಬಾಣದ ಮೇಲೆ ಗುರುತು ಹಾಕಿಸಿ.

ರಿಕರ್ವ್ ಬಿಲ್ಲಿನ (ರಾಟೆ ಇಲ್ಲದ, ತುದಿಗಳು ಮುಂದಕ್ಕೆ ಬಾಗಿದ ಬಿಲ್ಲು) ಮೇಲೆ 30 ಪೌಂಡ್ ಎಂದು ಬರೆದಿದ್ದರೆ ಅದು 28 ಇಂಚು ಎಳೆದಾಗಿನ ಮಾತು. ಒಂದು ಇಂಚು ಕಡಿಮೆಯಾದರೆ ಸುಮಾರು 2 ಪೌಂಡ್ ಕಡಿಮೆ. ನಮ್ಮ 26¾ ಇಂಚಿನವರ ಬೆರಳಿಗೆ ಬರುವುದು 27.5 ಪೌಂಡ್ ಆಸುಪಾಸು. ಬಾಣ ಆರಿಸಬೇಕಾದದ್ದು ಈ ಅಂಕಿಗೆ, ಬಿಲ್ಲಿನ ಮೇಲಿನ ಅಂಕಿಗಲ್ಲ.

ಹೊಸಬರ ಬಾಣ ಎಳೆತದ ಉದ್ದಕ್ಕಿಂತ ಒಂದೂವರೆ-ಎರಡು ಇಂಚು ಉದ್ದ ಇರಲಿ. ಗಿಡ್ಡ ಬಾಣ ಎಳೆಯುವಾಗ, ಬಿಲ್ಲಿನ ಮೇಲೆ ಅದಕ್ಕೆ ಆಸರೆಯಾದ ರೆಸ್ಟ್‌ನಿಂದ ಒಳಗೆ ಜಾರಿದರೆ ಹಿಡಿದ ಕೈಗೇ ಚುಚ್ಚುತ್ತದೆ. ಉದ್ದ ಇದ್ದರೆ ಆಮೇಲೆ ಕತ್ತರಿಸಬಹುದಲ್ಲ.

ಸ್ಪೈನ್: ಇಲ್ಲೇ ಎಲ್ಲರೂ ಎಡವುವುದು

ಬಾಣ ನೇರ ಹೋಗುತ್ತದೆ ಅಂತ ಕಣ್ಣಿಗೆ ಕಾಣುತ್ತದೆ. ನಿಧಾನಗತಿಯ ವಿಡಿಯೊ ನೋಡಿ, ಅದು ಬಳುಕುತ್ತಲೇ ಹೋಗುತ್ತದೆ. ಬೆರಳು ಬಿಟ್ಟಾಗ ಹೆದೆ ಸ್ವಲ್ಪ ಪಕ್ಕಕ್ಕೆ ಜಾರುತ್ತದೆ. ಹಿಂದಿನಿಂದ ಒತ್ತಡ, ಮುಂದೆ ಮೊನೆಯ ಭಾರ. ನಡುವೆ ಸಿಕ್ಕ ಬಾಣ ಬಾಗಿ, ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಆಚೆ ಹೋಗುತ್ತದೆ. ಸರಿಯಾಗಿ ಬಾಗಿದರೆ ಹಿಡಿಗೆ ತಾಗದೆ ಪಾರಾಗುತ್ತದೆ. ಬಹಳ ಗಡಸಾದರೂ ಕೆಟ್ಟಿತು, ಬಹಳ ಮೆದುವಾದರೂ ಕೆಟ್ಟಿತು.

ಈ ಗಡಸುತನಕ್ಕೆ ಸ್ಪೈನ್ ಎನ್ನುತ್ತಾರೆ. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಶಾಫ್ಟ್ (ಬಾಣದ ಕಡ್ಡಿ) ಇಟ್ಟು, ನಡುವೆ 1.94 ಪೌಂಡ್, ಅಂದರೆ 880 ಗ್ರಾಂ ತೂಗುಹಾಕುತ್ತಾರೆ. ಅರ್ಧ ಇಂಚು ಬಾಗಿದರೆ ಅದು 500 ಸ್ಪೈನ್. ಒಂದು ಇಂಚು ಬಾಗಿದರೆ 1000. ಅಂಕಿ ದೊಡ್ಡದಾದಷ್ಟೂ ಬಾಣ ಮೆದು. ಮೋಟರ್ ರಿವೈಂಡಿಂಗ್ ಮಾಡುವವರ ತಂತಿಯ ಗೇಜ್ ಇದ್ದ ಹಾಗೆ, ಇಲ್ಲೂ ಅಂಕಿ ಉಲ್ಟಾ ಓಡುತ್ತದೆ.

ಅಮೆರಿಕದ ಬೇಟೆಗಾರ 60 ಪೌಂಡ್ ಕಾಂಪೌಂಡಿಗೆ 400ರ ಆಸುಪಾಸಿನ ಸ್ಪೈನ್ ಹಾಕುತ್ತಾನೆ. 70 ಪೌಂಡಿಗೆ 340 ಇಲ್ಲವೇ 300. ಅದನ್ನೇ ನೋಡಿ 28 ಪೌಂಡಿನ ರಿಕರ್ವ್‌ಗೆ 400 ತರಿಸಿದರೆ ಬಾಣ ಬಾಗುವುದೇ ಇಲ್ಲ, ಬಲಗೈಯವರಿಗೆ ಎಡಕ್ಕೇ ಹೊಡೆಯುತ್ತಿರುತ್ತದೆ. ನಮ್ಮ ಉದಾಹರಣೆಯವರು 800ರಿಂದ 1000ದ ನಡುವೆ ಹುಡುಕಬೇಕು. ಶಾಫ್ಟ್ ಕಂಪನಿಗಳ ಚಾರ್ಟಿನಲ್ಲಿ ಎಳೆತದ ಪೌಂಡ್ ಮತ್ತು ಬಾಣದ ಉದ್ದ ಎರಡೂ ಸೇರುವ ಮನೆ ನೋಡಿ. ಒಂದೊಂದು ಕಂಪನಿಯ ಚಾರ್ಟ್ ಒಂದೊಂದು ಥರ. ಯಾವ ಶಾಫ್ಟ್ ಕೊಳ್ಳುತ್ತೀರೋ ಅದರ ಚಾರ್ಟನ್ನೇ ನಂಬಿ.

ಚಾರ್ಟ್ ಹೇಳಿದ ಮೇಲೂ ಕೆಲಸ ಮುಗಿಯುವುದಿಲ್ಲ. ಅದೇ ಶಾಫ್ಟ್ ಕತ್ತರಿಸಿದರೆ ಗಡಸಾಗುತ್ತದೆ. ಮೊನೆಯ ಭಾರ ಹೆಚ್ಚಿಸಿದರೆ ಮೆದುವಾಗಿ ವರ್ತಿಸುತ್ತದೆ. ಬಿಲ್ಲಿನ ಪೌಂಡ್ ಏರಿಸಿದರೂ ಹಾಗೇ. ಈ ಮೂರು ನೆನಪಿದ್ದರೆ ಸಾಕು, ಉಳಿದದ್ದನ್ನು ಸರಿಮಾಡಿಕೊಳ್ಳಬಹುದು.

ಅಪಾಯದ ಮಾತೊಂದು. ಜೋರಾದ ಬಿಲ್ಲಿಗೆ ತೀರಾ ಮೆದು ಶಾಫ್ಟ್ ಹಾಕಿದರೆ ಬಿಡುವಾಗಲೇ ಮುರಿಯಬಹುದು. ಕಾರ್ಬನ್ ಸಿಬಿರು ಕೈಗೆ ಹೊಕ್ಕರೆ ಆಸ್ಪತ್ರೆಯೇ ಗತಿ.

ಈಗ ತೂಕ

ಸ್ಪೈನ್ ಸಿಕ್ಕ ಮೇಲೆ ತೂಕ ಅಷ್ಟು ತಲೆ ತಿನ್ನುವುದಿಲ್ಲ. 28.5 ಇಂಚಿನ ಶಾಫ್ಟ್, ಇಂಚಿಗೆ 6 ಗ್ರೇನ್: 171. ಮೊನೆ 90, ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿ) 8, ಮೂರು ವೇನ್ (ಪ್ಲಾಸ್ಟಿಕ್ ಗರಿ) ಸೇರಿ 15. ಒಟ್ಟು 284 ಗ್ರೇನ್. ಇದನ್ನು 27.5 ಪೌಂಡಿನಿಂದ ಭಾಗಿಸಿದರೆ ಪೌಂಡಿಗೆ ಹತ್ತಕ್ಕಿಂತ ತುಸು ಜಾಸ್ತಿ. ಕಲಿಯುವವರಿಗೆ ಚೆನ್ನಾಗಿದೆ. ಪೌಂಡಿಗೆ 5 ಗ್ರೇನ್‌ಗಿಂತ ಕೆಳಗೆ ಎಂದೂ ಇಳಿಯಬೇಡಿ. ಬಾಣ ಹೊತ್ತೊಯ್ಯದ ಶಕ್ತಿ ಬಿಲ್ಲಿಗೇ ವಾಪಸ್ ಬಡಿದು ಲಿಂಬ್ (ಬಿಲ್ಲಿನ ಬಾಗುವ ತೋಳು) ಒಡೆಯಬಹುದು.

ಮನೆಯಲ್ಲಿ ತೂಗಲು ಬಂಗಾರದ ಅಂಗಡಿಯವರು ಬಳಸುವಂಥ, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಸಾಕು. ಒಂದು ಗ್ರೇನ್ ಅಂದರೆ 0.0648 ಗ್ರಾಂ. ಡಜನ್ ಬಾಣ ಒಂದೊಂದಾಗಿ ತೂಗಿ. ಬೇರೆಯದಕ್ಕಿಂತ ಎದ್ದು ಕಾಣುವಷ್ಟು ತೂಕದ ಬಾಣವನ್ನು ಪಕ್ಕಕ್ಕಿಡಿ.

ಬಾಣ ಬೆರಳ ಮೇಲೆ ಸಮತೂಗುವ ಜಾಗವನ್ನೂ ನೋಡಿ. ನಡುವಿನಿಂದ ಅದು ಎಷ್ಟು ಮುಂದಿದೆ ಎಂದು ಅಳೆದು, ಬಾಣದ ಉದ್ದದಿಂದ ಭಾಗಿಸಿ. 28 ಇಂಚಿನ ಬಾಣಕ್ಕೆ 2.8 ಇಂಚು ಮುಂದೆ ಬಂದರೆ ಶೇ 10. ಶೇ 7ರಿಂದ 15ರ ಒಳಗಿದ್ದರೆ ತಲೆಕೆಡಿಸಿಕೊಳ್ಳಬೇಡಿ.

ಗರಿ ಇಲ್ಲದ ಬಾಣದ ಪರೀಕ್ಷೆ

ಗರಿ ಅಂಟಿಸಿದ ಮೂರು ಬಾಣ, ಅಂಟಿಸದ ಎರಡು ಬಾಣ ತೆಗೆದುಕೊಂಡು 18 ಮೀಟರಿನಿಂದ ಬಿಡಿ. ಗರಿ ಬಾಣದ ತಪ್ಪನ್ನು ಮುಚ್ಚುತ್ತದೆ, ಬೋಳು ಬಾಣ ಇದ್ದದ್ದು ಇದ್ದ ಹಾಗೆ ಹೇಳುತ್ತದೆ. ಬಲಗೈ ರಿಕರ್ವ್‌ನವರ ಬೋಳು ಬಾಣ ಎಡಕ್ಕೆ ಬಿದ್ದರೆ ಗಡಸು ಜಾಸ್ತಿ. ಭಾರದ ಮೊನೆ ಹಾಕಿ. ಬಲಕ್ಕೆ ಬಿದ್ದರೆ ಮೆದು. ಹಗುರ ಮೊನೆ ಹಾಕಿ, ಇಲ್ಲವೇ ಕಾಲು ಕಾಲು ಇಂಚು ಕತ್ತರಿಸಿ ನೋಡಿ. ಮೇಲೆ-ಕೆಳಗೆ ಬಿದ್ದರೆ ಅದು ನಾಕಿಂಗ್ ಪಾಯಿಂಟಿನ (ಹೆದೆಯ ಮೇಲೆ ಬಾಣ ಸಿಕ್ಕಿಸುವ ಜಾಗ) ದೂರು, ಸ್ಪೈನ್‌ದಲ್ಲ. ಎಡಗೈಯವರಿಗೆ ಎಡ-ಬಲ ಅದಲು ಬದಲು. ಹೆದೆ ಬಿಡಲು ಬೆರಳ ಬದಲು ರಿಲೀಸ್ ಯಂತ್ರ ಬಳಸುವ ಕಾಂಪೌಂಡ್‌ನವರಿಗೆ ಈ ಓದು ಹೀಗೇ ಹೊಂದುವುದಿಲ್ಲ.

ನಿಮ್ಮ ಗರಿ ಬಾಣಗಳೇ ಒಂದು ಕಡೆ ಗುಂಪಾಗಿ ಬೀಳುತ್ತಿಲ್ಲ ಎಂದರೆ ಈ ಪರೀಕ್ಷೆ ಮಾಡಿ ಉಪಯೋಗವಿಲ್ಲ. ಮೊದಲು ಕೈ ಕುದುರಲಿ.

ನಮ್ಮ ಗಾಳಿ, ನಮ್ಮ ಮಳೆ

ಗದಗದ ಸುತ್ತ ಗಾಳಿಯಂತ್ರಗಳು ಸುಮ್ನೆ ನಿಂತಿಲ್ಲ. ಅಂಥ ಬಯಲಿನಲ್ಲಿ ದೂರಕ್ಕೆ ಹೊಡೆಯುವವರಿಗೆ ತೆಳ್ಳನೆಯ, ತುಸು ಭಾರದ ಕಾರ್ಬನ್ ಶಾಫ್ಟ್ ಒಳ್ಳೆಯದು. ದಪ್ಪ ಹಗುರ ಬಾಣವನ್ನು ಗಾಳಿ ಪಕ್ಕಕ್ಕೆ ತಳ್ಳುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹಕ್ಕಿಯ ಗರಿ ನೆನೆದು ಮಲಗಿಬಿಡುತ್ತದೆ, ಪ್ಲಾಸ್ಟಿಕ್ ವೇನ್ ನಿಲ್ಲುತ್ತದೆ.

ಕಲಿಕೆಗೆ ಅಲ್ಯೂಮಿನಿಯಂ ಬಾಣವೂ ಆಗುತ್ತದೆ. ಅದರ ಮೇಲೆ 1716 ಎಂದಿದ್ದರೆ ದಪ್ಪ 17/64 ಇಂಚು, ಗೋಡೆ 16/1000 ಇಂಚು. ಅದು ಬಾಗಿದರೆ ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಬಾಣ ಬಾಗಿ ಉಳಿಯುವುದಿಲ್ಲ, ಒಳಗೊಳಗೇ ಸೀಳಿರುತ್ತದೆ. ಪ್ರತಿ ಸಲ ಬಿಡುವ ಮೊದಲು ಎರಡು ತುದಿ ಹಿಡಿದು ಮೆಲ್ಲಗೆ ಬಾಗಿಸಿ, ತಿರುಗಿಸಿ ನೋಡಿ. ಚಿಟಪಟ ಸದ್ದು ಬಂದರೆ ಮುರಿದು ಎಸೆಯಿರಿ.

ಆರ್ಡರ್ ಮಾಡುವಾಗ ನೇರ ಡಜನ್‌ಗೆ ಕೈಹಾಕಬೇಡಿ. ಅಕ್ಕಪಕ್ಕದ ಎರಡು ಸ್ಪೈನ್‌ಗಳಲ್ಲಿ ಎರಡೆರಡು ಶಾಫ್ಟ್, 80, 90, 100 ಗ್ರೇನ್ ಮೊನೆ ತರಿಸಿ ಬೋಳು ಬಾಣದ ಪರೀಕ್ಷೆ ಮಾಡಿ. ಯಾವುದು ಹೊಂದಿತೋ ಅದರ ಡಜನ್ ಆಮೇಲೆ ಹೇಳಿದರಾಯಿತು.